ಆ ದಿನ ನಿಮ್ಮ ಕಣ್ಣು ಎಲ್ಲಿತ್ತು?

ಕಳೆದ ಸಂಚಿಕೆಯಲ್ಲಿ ಒಂದು ಮಾತು ಕೇಳಿದ್ದೆ. "ನರ್ಸ್ ಆಗಬೇಕು ಅಂತ ನಿಮಗೆ ಮೊದಲು ಅನ್ನಿಸಿದ್ದು ಯಾವಾಗ?" ಬಂದ ಪತ್ರಗಳನ್ನೆಲ್ಲ ಎರಡೆರಡು ಸಲ ಓದಿದ್ದೇನೆ. ಹೆಚ್ಚಿನವು ಯಾರದ್ದೋ ಹಾಸಿಗೆಯ ಪಕ್ಕದಲ್ಲೇ ಶುರುವಾಗುತ್ತವೆ. ಅಜ್ಜಿ, ಅಪ್ಪ, ಮಗು, ಗೆಳೆಯ. ನಾನು 31 ವರ್ಷ ವಾರ್ಡ್‌ನಲ್ಲಿ ಕೆಲಸ ಮಾಡಿದವಳು. ಈಗ 6 ವರ್ಷದಿಂದ ನರ್ಸಿಂಗ್ ಓದುವ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಇಂಥ ಕಥೆಗಳನ್ನು ಎಷ್ಟು ಕೇಳಿದರೂ ನನಗೆ ಬೇಸರ ಬರುವುದಿಲ್ಲ. ಈ ಸಲ ಏಳು ಪತ್ರಗಳಿಗೆ ಉತ್ತರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನಗೆ 17 ವರ್ಷ. ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು 8 ತಿಂಗಳು ಹಾಸಿಗೆಯಲ್ಲೇ ಇದ್ದರು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರಿಂದ ಹೆಚ್ಚಾಗಿ ನಾನೇ ನೋಡಿಕೊಂಡೆ. ಈಗ ಅಜ್ಜಿ ಇಲ್ಲ. "ನಿಂದು ಒಳ್ಳೇ ಮನಸ್ಸು, ನರ್ಸಿಂಗ್ ಮಾಡು" ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೇ ಮನಸ್ಸಿದ್ದರೆ ಸಾಕಾ ಮೇಡಂ?

ಉತ್ತರ: ಸಾಲದು ಮಗೂ. ನೇರವಾಗಿ ಹೇಳಿದೆ ಅಂತ ಬೇಜಾರು ಮಾಡಿಕೊಳ್ಳಬೇಡ. ಒಳ್ಳೇ ಮನಸ್ಸು ತುಂಬ ಜನರಿಗೆ ಇರುತ್ತದೆ. ಆದರೆ ನಿನ್ನ ಪತ್ರದ ಎರಡನೇ ಪುಟದಲ್ಲಿ ಮೂರು ಸಾಲು ಇವೆ. ಅವುಗಳ ಬೆಲೆ ನಿನಗೇ ಗೊತ್ತಾದ ಹಾಗಿಲ್ಲ. "ಬೆಳಿಗ್ಗೆ ಅಜ್ಜಿಯ ಹಿಮ್ಮಡಿ ಕೆಂಪಾಗಿತ್ತು. ಬೆರಳಿನಿಂದ ಒತ್ತಿದರೂ ಕೆಂಪು ಹೋಗಲಿಲ್ಲ. ಅವತ್ತಿಂದ ಮೀನಖಂಡದ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮಾಡಿದೆ."

ಇದನ್ನು ನಿನಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ ಅಲ್ವಾ? ಒಂದೇ ಕಡೆ ತುಂಬ ಹೊತ್ತು ಭಾರ ಬಿದ್ದರೆ ಅಲ್ಲಿ ರಕ್ತ ಸರಿಯಾಗಿ ಹರಿಯುವುದಿಲ್ಲ. ಹಿಮ್ಮಡಿ, ಬೆನ್ನಿನ ಕೆಳಗಿನ ಮೂಳೆ, ಸೊಂಟದ ಪಕ್ಕ, ಹೀಗೆ ಮೂಳೆ ಚರ್ಮಕ್ಕೆ ಹತ್ತಿರ ಇರುವ ಕಡೆಯೇ ಮೊದಲು ಪೆಟ್ಟು ಬೀಳುತ್ತದೆ. ಆರೋಗ್ಯವಾಗಿರುವ ಚರ್ಮವನ್ನು ಒತ್ತಿದರೆ ಬಿಳುಪಾಗಿ ಮತ್ತೆ ಬಣ್ಣ ಬರುತ್ತದೆ. ಒತ್ತಿದರೂ ಕೆಂಪು ಹಾಗೇ ಇದ್ದರೆ ಅದು ಬೆಡ್‌ಸೋರ್‌ನ, ಅಂದರೆ ಒಂದೇ ಕಡೆ ಮಲಗಿ ಆಗುವ ಹುಣ್ಣಿನ, ಮೊದಲ ಹಂತ. ಅಲ್ಲೇ ಹಿಡಿದರೆ ದಿಂಬು ಇಟ್ಟು, ಮಗ್ಗುಲು ಬದಲಿಸಿ ಉಳಿಸಿಕೊಳ್ಳಬಹುದು. ಬಿಟ್ಟರೆ ಚರ್ಮ ಒಡೆದು ಮೂಳೆಯವರೆಗೂ ಗಾಯವಾಗಬಹುದು. ಚರ್ಮ ಕಪ್ಪಗಿರುವವರಲ್ಲಿ ಈ ಕೆಂಪು ಸರಿಯಾಗಿ ಕಾಣುವುದೇ ಇಲ್ಲ. ಅವರಿಗೆ ಮುಟ್ಟಿ ನೋಡಬೇಕು. ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ನೋವಿದೆಯಾ ಅಂತ ತಿಳಿಯಬೇಕು. ನಮ್ಮ ವಿದ್ಯಾರ್ಥಿಗಳು ಇದನ್ನು ಪುಸ್ತಕದಲ್ಲಿ ಓದಿ, ವಾರ್ಡ್‌ನಲ್ಲಿ ಎರಡು ಮೂರು ಸಲ ತೋರಿಸಿದ ಮೇಲೆ ಕಲಿಯುತ್ತಾರೆ.

ಪ್ರತಿ ವರ್ಷ ಹೊಸ ಮಕ್ಕಳು ಬಂದ ಮೊದಲ ದಿನ ನಾನು ಒಂದು ಪ್ರಶ್ನೆ ಕೇಳುತ್ತೇನೆ. "ನಿಮ್ಮನ್ನು ಇಲ್ಲಿಗೆ ಕರೆತಂದ ಆ ದಿನ, ನಿಮ್ಮ ಕಣ್ಣು ಎಲ್ಲಿತ್ತು?" ಕಣ್ಣೀರಿನ ವಿಷಯ ನಾನು ಕೇಳುವುದಿಲ್ಲ. ಅದು ಎಲ್ಲರಿಗೂ ಬಂದಿರುತ್ತದೆ. ಕಣ್ಣು ಏನನ್ನು ನೋಡುತ್ತಿತ್ತು ಅನ್ನುವುದು ನನಗೆ ಬೇಕು.

ಈ ಪ್ರಶ್ನೆ ನನಗೆ ಬಂದದ್ದು ನನ್ನದೇ ಒಂದು ರಾತ್ರಿಯಿಂದ. ಆಗ ನನಗೆ 15 ವರ್ಷ. ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಗಿ ಮೂರನೇ ರಾತ್ರಿ. ಜ್ವರ ಅಷ್ಟೇನೂ ಇರಲಿಲ್ಲ. ಅಮ್ಮ "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಿದ್ದರು. ನೈಟ್ ಡ್ಯೂಟಿ ಸಿಸ್ಟರ್ ಬಂದರು. ಅಮ್ಮನ ಮಣಿಕಟ್ಟು ಹಿಡಿದು ನಿಂತರು. ಆದರೆ ಅವರು ಒಮ್ಮೆ ಗಡಿಯಾರ ನೋಡುತ್ತಿದ್ದರು, ಒಮ್ಮೆ ಅಮ್ಮನ ಎದೆ ನೋಡುತ್ತಿದ್ದರು. ನಾಡಿ ನೋಡುವುದಕ್ಕೆ ಎದೆಯನ್ನು ಯಾಕೆ ನೋಡಬೇಕು? ಒಂದು ನಿಮಿಷ ಪೂರ್ತಿ ಹಾಗೇ ನಿಂತಿದ್ದರು. ಆಮೇಲೆ ಏನೂ ಹೇಳದೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದರು.

ಡಾಕ್ಟರ್ ಬಂದರು. ರಕ್ತ ತೆಗೆದರು. ಡ್ರಿಪ್ ಬದಲಾಯಿತು, ಹೊಸ ಇಂಜೆಕ್ಷನ್ ಶುರುವಾಯಿತು. ಹೊಟ್ಟೆಯೊಳಗೆ ಸೋಂಕು ಆಗಿತ್ತು. ಬೆಳಗಿನ ಜಾವ ನಾನು ಧೈರ್ಯ ಮಾಡಿ ಸಿಸ್ಟರನ್ನು ಕೇಳಿದೆ. ಕೈ ಹಿಡಿದುಕೊಂಡು ಎದೆ ಯಾಕೆ ನೋಡಿದಿರಿ ಅಂತ. ಅವರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಉಸಿರು ಎಣಿಸ್ತಾ ಇದ್ದೆ. ಉಸಿರು ಎಣಿಸ್ತಿದ್ದಾರೆ ಅಂತ ಗೊತ್ತಾದ್ರೆ ಯಾರಿಗೇ ಆದ್ರೂ ಉಸಿರಾಟ ಬದಲಾಗುತ್ತೆ. ಅದಕ್ಕೆ ನಾಡಿ ನೋಡೋ ಹಾಗೆ ಕೈ ಹಿಡ್ಕೊಂಡಿರ್ತೀನಿ."

ದೊಡ್ಡವರು ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಅಮ್ಮನದು 28 ಇತ್ತು. ಜ್ವರ ಏರುವ ಮೊದಲೇ, ಬಿಪಿ ಇಳಿಯುವ ಮೊದಲೇ ಉಸಿರು ಸುಳಿವು ಕೊಡುವುದುಂಟು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ಅವತ್ತು ತಿಳಿದದ್ದು ಇಷ್ಟೇ. ನಾನು ಮೂರು ದಿನ ಅಮ್ಮನ ಮುಖವನ್ನೇ ನೋಡುತ್ತ ಕೂತಿದ್ದೆ. ಅವರು ಒಂದು ನಿಮಿಷ ನೋಡಿ, ನನಗೆ ಕಾಣದ್ದನ್ನು ಕಂಡರು. ನನಗೂ ಹಾಗೆ ನೋಡುವುದಕ್ಕೆ ಬರಬೇಕು ಅನ್ನಿಸಿತು. ಅಮ್ಮ ಆಮೇಲೆ 22 ವರ್ಷ ಬದುಕಿದ್ದರು.

ಹಾಗಾಗಿ ಮಗೂ, ಒಳ್ಳೇ ಮನಸ್ಸಿನ ಮಾತು ಬಿಡು. ಅಜ್ಜಿಯ ಹಿಮ್ಮಡಿ ನೋಡಿದ ಕಣ್ಣು ನಿನ್ನ ಹತ್ತಿರ ಇದೆ. ಅದನ್ನು ನಂಬಬಹುದು. ಈಗಲೇ ನಿರ್ಧಾರ ಮಾಡಬೇಕು ಅಂತ ಮಾತ್ರ ಅಂದುಕೊಳ್ಳಬೇಡ. ಅಮೆರಿಕದಲ್ಲಿ ಕ್ಲಾರಾ ಬಾರ್ಟನ್ ಅಂತ ಒಬ್ಬಳಿದ್ದಳು. ಅವಳಿಗೆ 11 ವರ್ಷ ಇದ್ದಾಗ ಅವಳ ಅಣ್ಣ ಮಾಡಿನಿಂದ ಬಿದ್ದ. ಸುಮಾರು ಎರಡು ವರ್ಷ ಅವಳೇ ಅವನ ಆರೈಕೆ ಮಾಡಿದಳು. ಆಗಿನ ಚಿಕಿತ್ಸೆಯಂತೆ ಜಿಗಣೆ ಹಚ್ಚುವುದನ್ನೂ ಕಲಿತಳು. ಆದರೆ ದೊಡ್ಡವಳಾಗಿ ಮೊದಲು ಟೀಚರ್ ಆದಳು, ಆಮೇಲೆ ಸರಕಾರಿ ಕಚೇರಿಯಲ್ಲಿ ಗುಮಾಸ್ತೆಯಾದಳು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗಲೇ ಗಾಯಾಳು ಸೈನಿಕರ ಹತ್ತಿರ ಹೋದದ್ದು. ಆಗ ಅವಳಿಗೆ 39 ವರ್ಷ. 1881ರಲ್ಲಿ ಅಮೆರಿಕನ್ ರೆಡ್ ಕ್ರಾಸ್ ಕಟ್ಟಿದಳು. ಚಿಕ್ಕಂದಿನಲ್ಲಿ ಕೈ ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ನರ್ಸಿಂಗ್ ಸೇರಿದವರ ಅನುಭವ ಓದಿದರೆ ಪ್ರತಿಯೊಬ್ಬರಿಗೂ ಮನಸ್ಸು ಕಲಕುವ ಒಂದು ಘಟನೆ ಇರುತ್ತದೆ. ನನಗೆ ಅಂಥದ್ದು ಏನೂ ಆಗಿಲ್ಲ. ಜೀವಶಾಸ್ತ್ರ ಇಷ್ಟ, ಲೆಕ್ಕ ಚೆನ್ನಾಗಿ ಬರುತ್ತದೆ, ಕೆಲಸ ಬೇಕು. ನಾನು ನರ್ಸ್ ಆಗಲು ಅರ್ಹಳೇ?

ಉತ್ತರ: ಖಂಡಿತ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ ಅನ್ನುವುದು ಕೊರತೆ ಅಲ್ಲಮ್ಮ, ಪುಣ್ಯ.

ನನ್ನ ಜೊತೆ 12 ವರ್ಷ ಕೆಲಸ ಮಾಡಿದ ಒಬ್ಬಳು ಇದ್ದಳು. ಗೆಳತಿ ಅರ್ಜಿ ಹಾಕುವಾಗ ಜೊತೆಗೆ ಹೋಗಿ ತಾನೂ ಒಂದು ಹಾಕಿದಳು. ಗೆಳತಿ ಬರಲಿಲ್ಲ, ಇವಳು ಬಂದಳು. ಅಷ್ಟೇ ಅವಳ ಕಥೆ. ಔಷಧ ಕೊಡುವ ಮೊದಲು ಐದು ವಿಷಯ ನೋಡಬೇಕು ಅಂತ ನಮಗೆಲ್ಲ ಕಲಿಸುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಕೊಡುವ ದಾರಿ, ಕೊಡುವ ಹೊತ್ತು. ಸುಸ್ತಾದ ರಾತ್ರಿಗಳಲ್ಲಿ ನಾವು ಬೇಗ ಬೇಗ ನೋಡುತ್ತಿದ್ದೆವು. ಅವಳು ಮಾತ್ರ 12 ವರ್ಷವೂ ಪ್ರತಿ ಸಲ, ಪ್ರತಿ ಹಾಸಿಗೆಯಲ್ಲೂ, ತುಟಿ ಅಲ್ಲಾಡಿಸುತ್ತ ಐದನ್ನೂ ಎಣಿಸುತ್ತಿದ್ದಳು. ನನಗೇ ಹುಷಾರಿಲ್ಲದೆ ಮಲಗಿದಾಗ ಅವಳ ಡ್ಯೂಟಿ ಇರಲಿ ಅಂತ ಬೇಡಿಕೊಂಡಿದ್ದೇನೆ.

ಲೆಕ್ಕ ಚೆನ್ನಾಗಿ ಬರುತ್ತದೆ ಅಂದಿರಲ್ಲ, ಅದನ್ನು ಕಡಿಮೆ ಅಂದುಕೊಳ್ಳಬೇಡಿ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ಎಲ್ಲರಿಗೂ ದೀಪ ಹಿಡಿದ ಚಿತ್ರ ನೆನಪಾಗುತ್ತದೆ. ಕ್ರಿಮಿಯಾ ಯುದ್ಧದ ಹೊತ್ತಲ್ಲಿ, 1854ರ ನವೆಂಬರ್‌ನಲ್ಲಿ ಅವರು ಟರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ ಹೋದರು. ಅಲ್ಲಿ ಗಾಯಕ್ಕಿಂತ ಜಾಸ್ತಿ ಜನ ಸಾಯುತ್ತಿದ್ದದ್ದು ಕಾಲರಾ, ಟೈಫಸ್, ಭೇದಿಯಂಥ ಕಾಯಿಲೆಗಳಿಂದ. ಯುದ್ಧ ಮುಗಿದ ಮೇಲೆ ಅವರು ಕೂತು ಸಾವುಗಳ ಲೆಕ್ಕ ಹಾಕಿದರು. ಯಾವ ತಿಂಗಳು ಎಷ್ಟು, ಯಾವ ಕಾರಣಕ್ಕೆ ಎಷ್ಟು ಅಂತ ಬಣ್ಣದ ಚಿತ್ರ ಬರೆದು ಸರಕಾರದ ಮುಂದೆ ಇಟ್ಟರು. ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ, ಅಂದರೆ ಅಂಕಿಅಂಶ ಬಲ್ಲವರ ಸಂಘ, 1858ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಅಲ್ಲಿ ಅವರೇ ಮೊದಲ ಹೆಂಗಸು. ನಿಮ್ಮ ಲೆಕ್ಕಕ್ಕೆ ವಾರ್ಡ್‌ನಲ್ಲಿ ದಿನವೂ ಕೆಲಸ ಇದೆ. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಮೂತ್ರ ಹೊರಗೆ ಬಂತು, ಡ್ರಿಪ್ ನಿಮಿಷಕ್ಕೆ ಎಷ್ಟು ಹನಿ, ಎಲ್ಲ ಲೆಕ್ಕವೇ.

ಮನಸ್ಸು ಕಲಕುವ ಘಟನೆ ಬೇಕೇ ಬೇಕು ಅಂದರೆ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ಸಿಗುತ್ತದೆ. ಅವಸರ ಬೇಡ.

ಪ್ರಶ್ನೆ: ನಾನು 20 ವರ್ಷದ ಹುಡುಗ. ಬೈಕ್ ಅಪಘಾತದಲ್ಲಿ ಕಾಲು ಮುರಿದು 6 ವಾರ ಆಸ್ಪತ್ರೆಯಲ್ಲಿದ್ದೆ. ನನ್ನನ್ನು ಹೆಚ್ಚು ನೋಡಿಕೊಂಡದ್ದು ಒಬ್ಬ ಗಂಡು ನರ್ಸ್. ಡ್ರೆಸ್ಸಿಂಗ್ ಮಾಡುವಾಗ ನಾಚಿಕೆಯಾಗದ ಹಾಗೆ ಮಾತಾಡಿಸುತ್ತಿದ್ದರು. ಅವರ ಹಾಗೆ ಆಗಬೇಕು ಅನ್ನಿಸಿದೆ. ಅಪ್ಪ "ಅದು ಹೆಂಗಸರ ಕೆಲಸ" ಅಂತಾರೆ. ಏನು ಹೇಳಲಿ?

ಉತ್ತರ: ತಮ್ಮಾ, ಅಪ್ಪನಿಗೆ ಒಬ್ಬ ಸೈನಿಕನ ಕಥೆ ಹೇಳು. ಹೆಸರು ಕಮಿಲಸ್ ಡಿ ಲೆಲ್ಲಿಸ್. ಇಟಲಿಯವನು, 1550ರಲ್ಲಿ ಹುಟ್ಟಿದವನು. ಎತ್ತರದ ಆಳು. ಜೂಜಿನ ಚಟ ಇತ್ತು. ಕಾಲಿನಲ್ಲಿ ಮಾಯದ ಹುಣ್ಣು ಇತ್ತು. ಅದಕ್ಕಾಗಿ ರೋಮ್‌ನ ಒಂದು ಆಸ್ಪತ್ರೆಗೆ ಸೇರಿದ. ಅಲ್ಲಿಯೇ ಆಳಾಗಿ ದುಡಿದ, ಅಲ್ಲಿಂದ ಹೊರಗೂ ಹಾಕಿಸಿಕೊಂಡ. ಕೊನೆಗೆ ಮತ್ತೆ ಅಲ್ಲಿಗೇ ಬಂದ. ರೋಗಿಯಾಗಿ ಮಲಗಿದ್ದವನಿಗೆ ಅಲ್ಲಿನ ಆರೈಕೆ ಎಷ್ಟು ಕೆಟ್ಟದಾಗಿದೆ ಅಂತ ಚೆನ್ನಾಗಿ ಗೊತ್ತಿತ್ತು. ರೋಗಿಗಳ ಸೇವೆಗಾಗಿಯೇ ಗಂಡಸರ ಒಂದು ತಂಡ ಕಟ್ಟಿದ. 1586ರಲ್ಲಿ ಪೋಪ್ ಅದಕ್ಕೆ ಒಪ್ಪಿಗೆ ಕೊಟ್ಟರು. ಅವರ ನಿಲುವಂಗಿಯ ಮೇಲೆ ಕೆಂಪು ಶಿಲುಬೆ ಇರುತ್ತಿತ್ತು. ನೈಟಿಂಗೇಲ್ ಹುಟ್ಟುವುದಕ್ಕೆ 200 ವರ್ಷಕ್ಕೂ ಹಿಂದಿನ ಮಾತು ಇದು. ಅವನ ಕಾಲು ಕೊನೆಯವರೆಗೂ ಮಾಯಲಿಲ್ಲ. ನಡೆಯಲು ಆಗದ ದಿನ ತೆವಳಿಕೊಂಡು ಹೋಗಿ ರೋಗಿಗಳನ್ನು ನೋಡುತ್ತಿದ್ದ ಅಂತ ಹೇಳುತ್ತಾರೆ.

ಇದನ್ನು ಕೇಳಿ ಅಪ್ಪ ಕೂಡಲೇ ಒಪ್ಪುತ್ತಾರೆ ಅಂತ ನಾನು ಅಂದುಕೊಂಡಿಲ್ಲ. ಬೇರೆ ಒಂದು ಮಾತು ಹೇಳಿ ನೋಡು. ಆ 6 ವಾರದಲ್ಲಿ ಒಂದು ದಿನವಾದರೂ ಅಪ್ಪ ಆ ನರ್ಸ್‌ಗೆ ಕೈ ಮುಗಿದಿರುತ್ತಾರೆ. ಅದನ್ನು ನೆನಪು ಮಾಡು. ಮತ್ತೆ ನಿನಗೂ ಒಂದು ಕೆಲಸ. "ನಾಚಿಕೆಯಾಗದ ಹಾಗೆ ಮಾತಾಡಿಸುತ್ತಿದ್ದರು" ಅಂದೆ. ಅವರು ಏನು ಮಾಡುತ್ತಿದ್ದರು ಅಂತ ಬಿಡಿಸಿ ಬರೆದುಕೋ. ಪರದೆ ಎಳೆದಿದ್ದಾ? ಬೇಕಾದಷ್ಟು ಜಾಗ ಮಾತ್ರ ತೆರೆದು ಉಳಿದದ್ದನ್ನು ಹೊದಿಕೆಯಿಂದ ಮುಚ್ಚಿದ್ದಾ? ಮುಟ್ಟುವ ಮೊದಲು ಹೇಳುತ್ತಿದ್ದರಾ? ನಿನಗೆ ಸುಮ್ನೆ ಹರಟೆ ಅನ್ನಿಸಿದ್ದು ಅವರು ವರ್ಷಗಟ್ಟಲೆ ರೂಢಿಸಿಕೊಂಡ ಕೆಲಸ.

ಪ್ರಶ್ನೆ: ನನಗೆ 34. ಮೂರು ವರ್ಷದ ಹಿಂದೆ ನನ್ನ ಮಗ ಐಸಿಯುನಲ್ಲಿ 11 ದಿನ ಇದ್ದು ತೀರಿಕೊಂಡ. ಅವನಿಗೆ 5 ವರ್ಷ. ಕೊನೆಯ ದಿನ ಅಲ್ಲಿನ ನರ್ಸ್ ಅವನನ್ನು ನನ್ನ ಮಡಿಲಿಗೆ ಕೊಟ್ಟರು. ನನ್ನ ಮೊಣಕೈ ಕೆಳಗೆ ದಿಂಬು ಇಟ್ಟರು. ಅವತ್ತಿಂದ ನರ್ಸ್ ಆಗಬೇಕು ಅನ್ನಿಸುತ್ತಿದೆ. ಇದು ದುಃಖವಾ, ನಿಜವಾದ ಆಸೆಯಾ? ವಯಸ್ಸೂ ಆಯಿತು.

ಉತ್ತರ: ತಂಗೀ, ನಿಮ್ಮ ಪತ್ರ ಓದಿದ ದಿನ ನಾನು ಬೇರೆ ಪತ್ರ ತೆರೆಯಲಿಲ್ಲ.

ಮೊದಲು ಆ ದಿಂಬಿನ ಬಗ್ಗೆ ಹೇಳುತ್ತೇನೆ. ಉಸಿರಿನ ಯಂತ್ರದಲ್ಲಿರುವ ಮಗುವನ್ನು ಹಾಸಿಗೆಯಿಂದ ಮಡಿಲಿಗೆ ತರುವುದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಉಸಿರಿನ ಟ್ಯೂಬ್ ಹಿಡಿಯಬೇಕು. ಇನ್ನೊಬ್ಬರು ಡ್ರಿಪ್‌ನ ನಳಿಗಳು ಎಳೆಯದ ಹಾಗೆ ಸಡಿಲ ಬಿಡಬೇಕು. ಕುರ್ಚಿ ಎಲ್ಲಿರಬೇಕು, ತಂತಿ ಎಷ್ಟು ಉದ್ದ ಬರುತ್ತದೆ, ಎಲ್ಲ ಮೊದಲೇ ನೋಡಿಟ್ಟಿರಬೇಕು. ಇಷ್ಟೆಲ್ಲ ಆದ ಮೇಲೂ ಆ ನರ್ಸ್‌ಗೆ ನಿಮ್ಮ ಮೊಣಕೈ ನೆನಪಾಯಿತು. ತುಂಬ ಹೊತ್ತು ಎತ್ತಿಕೊಂಡಿರುತ್ತೀರಿ, ತೋಳು ಸೋಲಬಾರದು ಅಂತ. ಅಂಥ ಹೊತ್ತಲ್ಲಿ ನೀವು ಅದನ್ನು ಗಮನಿಸಿದ್ದೀರಿ, ಮೂರು ವರ್ಷ ಆದರೂ ಮರೆತಿಲ್ಲ. ನಿಮ್ಮ ಆಸೆ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ.

ದುಃಖವಾ, ಆಸೆಯಾ ಅಂತ ಕೇಳಿದಿರಿ. ಎರಡೂ ಇರಬಹುದು. ಎರಡೂ ಒಟ್ಟಿಗೇ ಬಂದಿರಬಹುದು. ಬೇರೆ ಮಾಡಲೇಬೇಕು ಅಂತ ಏನಿಲ್ಲ. ಆದರೆ ಒಂದನ್ನು ನಾನು ಮುಚ್ಚಿಡಲಾರೆ. ಮಕ್ಕಳ ವಾರ್ಡ್‌ನಲ್ಲಿ ಕಷ್ಟದ ದಿನ ಮಗು ತೀರಿಕೊಂಡ ದಿನ ಒಂದೇ ಅಲ್ಲ. ಹುಷಾರಾದ ಮಗು ಅಮ್ಮನ ಕೈ ಹಿಡಿದು ಮನೆಗೆ ಹೋಗುವ ದಿನವೂ ನಿಮ್ಮ ಎದೆಗೆ ಚುಚ್ಚಬಹುದು. ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ, ಆದರೆ ಮೊದಲೇ ತಿಳಿದಿರಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ತಂಗಿಯನ್ನು ಕಳೆದುಕೊಂಡು ನರ್ಸಿಂಗ್‌ಗೆ ಬಂದವಳು. ಮಕ್ಕಳನ್ನು ಉಳಿಸಬೇಕು ಅನ್ನುತ್ತಿದ್ದಳು. ಮಕ್ಕಳ ವಾರ್ಡ್‌ಗೆ ಹಾಕಿದ ಎರಡನೇ ದಿನ ಅವಳಿಗೆ ಹಾಸಿಗೆ ಪಕ್ಕ ನಿಲ್ಲಲು ಆಗಲಿಲ್ಲ. ಮೂರು ದಿನ ನಾನೂ ಜೊತೆಗೆ ನಿಂತೆ. ಆಗಲಿಲ್ಲ. ಈಗ ಅವಳು ವಯಸ್ಸಾದವರ ವಾರ್ಡ್‌ನಲ್ಲಿದ್ದಾಳೆ. ಅಲ್ಲಿ ಅವಳನ್ನು ನೋಡಬೇಕು ನೀವು. ಎಷ್ಟು ಸಮಾಧಾನದಿಂದ ಕೆಲಸ ಮಾಡುತ್ತಾಳೆ! ಅವಳು ಸೋತಳು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಮೇರಿ ಬ್ರೆಕಿನ್‌ರಿಡ್ಜ್ ಅಂತ ಒಬ್ಬರು ಇದ್ದರು. ಮೊದಲ ಗಂಡ ತೀರಿಕೊಂಡ ಮೇಲೆ ನರ್ಸಿಂಗ್ ಕಲಿತವರು. ಆಮೇಲೆ 1916ರಲ್ಲಿ ಅವರ ಮಗಳು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಹೋಯಿತು. 1918ರಲ್ಲಿ 4 ವರ್ಷದ ಮಗನೂ ಹೋದ. ತಾಯಿ ಮಕ್ಕಳ ಆರೈಕೆಗೇ ಬದುಕನ್ನು ಕೊಡುತ್ತೇನೆ ಅಂತ ಅವರು ತೀರ್ಮಾನ ಮಾಡಿದರು. ಆದರೆ ನೋಡಿ, ಮರುದಿನವೇ ಹೊರಡಲಿಲ್ಲ. ಮೊದಲ ಮಹಾಯುದ್ಧ ಮುಗಿದ ಫ್ರಾನ್ಸ್‌ನಲ್ಲಿ ಮಕ್ಕಳಿಗಾಗಿ ದುಡಿದರು. ಇಂಗ್ಲೆಂಡಿಗೆ ಹೋಗಿ ಹೆರಿಗೆ ಕೆಲಸ ಕಲಿತರು. 1925ರಲ್ಲಿ, 44ನೇ ವಯಸ್ಸಿನಲ್ಲಿ, ಅಮೆರಿಕದ ಕೆಂಟಕಿಯ ಗುಡ್ಡಗಾಡಿನಲ್ಲಿ ಫ್ರಂಟಿಯರ್ ನರ್ಸಿಂಗ್ ಸರ್ವಿಸ್ ಶುರು ಮಾಡಿದರು. ರಸ್ತೆ ಇಲ್ಲದ ಊರುಗಳಿಗೆ ಅಲ್ಲಿನ ನರ್ಸ್‌ಗಳು ಕುದುರೆ ಮೇಲೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಮಗ ಹೋದದ್ದಕ್ಕೂ ಆ ಕೆಲಸ ಶುರುವಾದದ್ದಕ್ಕೂ ನಡುವೆ 7 ವರ್ಷ ಇದೆ. ನಾನು ಆ 7 ವರ್ಷದ ಬಗ್ಗೆಯೇ ತುಂಬ ಸಲ ಯೋಚಿಸಿದ್ದೇನೆ.

ವಯಸ್ಸಿನ ಮಾತಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲೆಂಡಿನ ಹೆಸರಾಂತ ನರ್ಸ್ ಎಡಿತ್ ಕ್ಯಾವೆಲ್ ಮೊದಲು ಬೇರೆಯವರ ಮನೆಯ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಅಪ್ಪನಿಗೆ ಕಾಯಿಲೆಯಾದಾಗ ಆರೈಕೆಗೆ ಊರಿಗೆ ಬಂದರು. ಅದಾದ ಮೇಲೆ, 1896ರಲ್ಲಿ, 30 ವರ್ಷದವರಾಗಿ ನರ್ಸಿಂಗ್ ಕಲಿಯಲು ಸೇರಿದರು. ನಿಮಗಿಂತ ನಾಲ್ಕೇ ವರ್ಷ ಚಿಕ್ಕವರು. ನಿಮ್ಮಲ್ಲಿ ಪ್ರವೇಶಕ್ಕೆ ವಯಸ್ಸಿನ ಮಿತಿ ಇದೆಯಾ ಅಂತ ಮಾತ್ರ ಕಾಲೇಜಿನಲ್ಲೇ ಕೇಳಿ ತಿಳಿದುಕೊಳ್ಳಿ.

ನಾನು ಹೇಳುವುದು ಇಷ್ಟು. ಕೋರ್ಸ್‌ಗೆ ಸೇರುವ ಮೊದಲು ಒಂದೆರಡು ತಿಂಗಳು ಸ್ವಯಂಸೇವಕಿಯಾಗಿ ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಕೆಲಸ ಕೇಳಿ. ಮಕ್ಕಳ ವಾರ್ಡ್ ಬೇಡ, ದೊಡ್ಡವರ ಕಡೆ ಹೋಗಿ. ಹಾಸಿಗೆ ಸರಿ ಮಾಡುವುದು, ನೀರು ಕುಡಿಸುವುದು, ಜೊತೆಗೆ ಕೂರುವುದು, ಇಷ್ಟೇ ಕೆಲಸ. ಮನೆಗೆ ಬಂದು ಎಷ್ಟು ಅತ್ತಿರಿ ಅಂತ ಲೆಕ್ಕ ಇಡಬೇಡಿ. ಮರುದಿನ ಬೆಳಿಗ್ಗೆ ಎದ್ದಾಗ ಆ ಮೂಲೆಯ ಹಾಸಿಗೆಯವರು ರಾತ್ರಿ ನಿದ್ದೆ ಮಾಡಿದರಾ ಅಂತ ಯೋಚನೆ ಬರುತ್ತದಾ ನೋಡಿ. ಬಂದರೆ ಅರ್ಜಿ ಹಾಕಿ. ಸೇರಿದ ಮೊದಲ ವಾರವೇ ಒಬ್ಬ ಟೀಚರ್‌ಗೆ ಮಗನ ವಿಷಯ ಹೇಳಿ. ಬಚ್ಚಿಡಬೇಡಿ. ನಿಮ್ಮ ಮನಸ್ಸಿನ ಭಾರ ಹೇಳಿಕೊಳ್ಳಲು ಒಬ್ಬ ಆಪ್ತ ಸಮಾಲೋಚಕರೂ ಇದ್ದರೆ ಒಳ್ಳೆಯದು.

ಪ್ರಶ್ನೆ: ಅಕ್ಕನ ಹೆರಿಗೆಯ ಹೊತ್ತಲ್ಲಿ ನರ್ಸ್ ಒಬ್ಬರನ್ನು ನೋಡಿ ನನಗೂ ಆಸೆಯಾಯಿತು. ಆದರೆ ರಕ್ತ ನೋಡಿದರೆ ತಲೆ ಸುತ್ತಿ ಬೀಳುತ್ತೇನೆ. ಆಸೆ ಬಿಡಬೇಕಾ?

ಉತ್ತರ: ಬಿಡಬೇಡ. ರಕ್ತ ಕಂಡಾಗ ಕೆಲವರಿಗೆ ಬಿಪಿ, ನಾಡಿ ಎರಡೂ ತಟ್ಟನೆ ಇಳಿದು ಬೀಳುವ ಹಾಗಾಗುತ್ತದೆ. ಅದು ಮೈ ಮಾಡುವ ಕೆಲಸ, ಮನಸ್ಸಿನ ಅಳುಕಲ್ಲ. ಸುತ್ತಿದ ಹಾಗಾದರೆ ಕೂತುಬಿಡು. ತೊಡೆ, ಹೊಟ್ಟೆ, ತೋಳಿನ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿ ಮಾಡಿ ಬಿಡು, ಮತ್ತೆ ಬಿಗಿ ಮಾಡು. ಹೀಗೆ ಮಾಡಿದರೆ ಬಿಪಿ ಬೀಳುವುದು ತಪ್ಪುತ್ತದೆ. ನಮ್ಮಲ್ಲಿ ಪ್ರತಿ ಬ್ಯಾಚ್‌ನಲ್ಲೂ ಒಬ್ಬಿಬ್ಬರು ಬಿದ್ದೇ ಬೀಳುತ್ತಾರೆ. ನೋಡುತ್ತಾ ನೋಡುತ್ತಾ ಹೆಚ್ಚಿನವರಿಗೆ ರೂಢಿಯಾಗುತ್ತದೆ. ನಿಜ ಹೇಳಲಾ, ರಕ್ತಕ್ಕಿಂತ ಕೊಳೆತ ಗಾಯದ ವಾಸನೆ ಕಷ್ಟ. ಅದಕ್ಕೂ ರೂಢಿಯಾಗುತ್ತದೆ. ತಲೆ ಸುತ್ತಿ ಬೀಳುವುದು ವರ್ಷಗಟ್ಟಲೆ ಹೋಗದಿದ್ದರೆ ಡಾಕ್ಟರ್ ಹತ್ತಿರ ತೋರಿಸು.

ಪ್ರಶ್ನೆ: ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಬ್ಬ ನರ್ಸ್ ಅವರ ಮೇಲೆ ರೇಗಿದರು. "ಎಷ್ಟು ಸಲ ಬೆಲ್ ಒತ್ತುತ್ತೀರಾ" ಅಂದರು. ಅಪ್ಪ ಆಮೇಲೆ ನೀರು ಬೇಕಾದರೂ ಕರೆಯಲಿಲ್ಲ. ನಾನು ನರ್ಸ್ ಆಗಿ ಹೀಗೆ ಯಾರಿಗೂ ಆಗದ ಹಾಗೆ ನೋಡಿಕೊಳ್ಳಬೇಕು ಅಂತ ಹಟ ಬಂದಿದೆ. ಸಿಟ್ಟಿನಿಂದ ಈ ಕೆಲಸಕ್ಕೆ ಬರುವುದು ತಪ್ಪೇ?

ಉತ್ತರ: ತಪ್ಪಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ನಿಮ್ಮ ತಂದೆಗೆ ಆದದ್ದಕ್ಕೆ ಈ ಕೆಲಸದ ಒಬ್ಬಳಾಗಿ ನನಗೆ ನೋವಾಗಿದೆ.

ನಾನೂ ಒಂದು ರಾತ್ರಿ ಹಾಗೆ ಮಾಡಿದ್ದೇನೆ. ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳಿದರೆ ಮೋಸವಾಗುತ್ತದೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಗಿತ್ತು. ಇಬ್ಬರು ನೋಡಬೇಕಾದ ವಾರ್ಡ್ ಅವತ್ತು ನನ್ನೊಬ್ಬಳ ಮೇಲೆ ಬಿದ್ದಿತ್ತು. ಮೂತ್ರ ಇಳಿಯಲು ಕ್ಯಾತಿಟರ್ ಅನ್ನುವ ಟ್ಯೂಬ್ ಹಾಕಿದ್ದ ಒಬ್ಬ ಅಜ್ಜ ಪದೇ ಪದೇ ಕರೆಯುತ್ತಿದ್ದರು. ಏನು ಅಂದರೆ ಸರಿಯಾಗಿ ಹೇಳಲು ಆಗುತ್ತಿರಲಿಲ್ಲ. ಹೊರಳಾಡುತ್ತಿದ್ದರು, ಹೊದಿಕೆ ಎಳೆದು ಬಿಸಾಡುತ್ತಿದ್ದರು. "ಸುಮ್ನೆ ಮಲಗಿ ಅಜ್ಜಾ, ಬೇರೆಯವರೂ ಇದ್ದಾರೆ" ಅಂತ ಜೋರಾಗಿ ಹೇಳಿದೆ. ವಯಸ್ಸಾದವರು, ರಾತ್ರಿ ಹೊತ್ತು ಹೀಗೇ ಅಂದುಕೊಂಡೆ. ಎರಡು ಗಂಟೆ ಬಿಟ್ಟು ಯೂರಿನ್ ಬ್ಯಾಗ್ ನೋಡಿದರೆ ಏನೂ ಇಳಿದಿರಲಿಲ್ಲ. ಹೊದಿಕೆ ತೆಗೆದೆ. ಟ್ಯೂಬ್ ತೊಡೆಯ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಕೆಳಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಟ್ಯೂಬ್ ನೇರ ಮಾಡಿದ ಕೂಡಲೇ ಮೂತ್ರ ಇಳಿಯತೊಡಗಿತು. ಅಜ್ಜ ಒಂದು ಉದ್ದ ಉಸಿರು ಬಿಟ್ಟು ಅಲ್ಲೇ ನಿದ್ದೆ ಹೋದರು. ಬೆಳಿಗ್ಗೆ ಎದ್ದು "ಒಳ್ಳೇದಾಗ್ಲಿ ತಾಯಿ" ಅಂದರು. ಬೈಗುಳವಾದರೂ ತಡೆದುಕೊಳ್ಳುತ್ತಿದ್ದೆ, ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಹ್ಯಾಂಡೋವರ್‌ನಲ್ಲಿ, ಅಂದರೆ ಮುಂದಿನ ಡ್ಯೂಟಿಯವರಿಗೆ ವಾರ್ಡ್ ಒಪ್ಪಿಸುವಾಗ, ನಡೆದದ್ದನ್ನು ಇದ್ದ ಹಾಗೇ ಹೇಳಿ, ಚಾರ್ಟ್‌ನಲ್ಲಿ ಬರೆದೆ. ಅಜ್ಜನ ಹತ್ತಿರ ಹೋಗಿ ತಪ್ಪಾಯಿತು ಅಂದೆ.

ನಾನು ಕೆಟ್ಟವಳಾಗಿದ್ದೆ ಅಂತ ಅಲ್ಲ. ಸೋತಿದ್ದೆ. ಸೋತಾಗ ಮೊದಲು ಹೋಗುವುದು ಕಣ್ಣು. ಆಮೇಲೆ ನಾಲಿಗೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ನೀವೂ ಒಂದು ದಿನ ಹಾಗೆ ಸೋತ ರಾತ್ರಿಯಲ್ಲಿ ನಿಂತಿರುತ್ತೀರಿ. ಆಗ ಸಿಟ್ಟು ಕೈ ಹಿಡಿಯುವುದಿಲ್ಲ. ಬೆಲ್ ಯಾಕೆ ಬಂತು ಅಂತ ಕೇಳುವ ಅಭ್ಯಾಸ ಕೈ ಹಿಡಿಯುತ್ತದೆ. ನೋವಾ? ಶೌಚಕ್ಕಾ? ಮಗ್ಗುಲು ಬೇಕಾ? ಬೇಕಾದ ವಸ್ತು ಕೈಗೆ ಎಟುಕುತ್ತಿಲ್ಲವಾ? ಗಂಟೆಗೊಮ್ಮೆ ನಾವೇ ಹೋಗಿ ಈ ನಾಲ್ಕನ್ನು ಕೇಳಿದರೆ ಬೆಲ್ ತಾನಾಗಿ ಕಡಿಮೆಯಾಗುತ್ತದೆ. ಆ ಅಜ್ಜನ ನಂತರ ನಾನು ಹಾಗೇ ಮಾಡಿದೆ. ಮತ್ತೆ, ಒಂದು ವಾರ್ಡ್‌ಗೆ ಎಷ್ಟು ನರ್ಸ್ ಬೇಕೋ ಅಷ್ಟು ಇರಬೇಕು ಅಂತ ಗಟ್ಟಿಯಾಗಿ ಕೇಳುವುದಕ್ಕೆ ನಿಮ್ಮ ಸಿಟ್ಟನ್ನು ಉಳಿಸಿಕೊಳ್ಳಿ. ಅಲ್ಲಿ ಅದು ಬೇಕು.

ನಿಮ್ಮ ತಂದೆ ಈಗ ಹೇಗಿದ್ದಾರೆ? ಬರೆಯಿರಿ.

ಪ್ರಶ್ನೆ: ಮುಂದಿನ ತಿಂಗಳು ನರ್ಸಿಂಗ್ ಕಾಲೇಜಿನ ಸಂದರ್ಶನ ಇದೆ. "ಯಾಕೆ ನರ್ಸಿಂಗ್?" ಅಂತ ಒಂದು ಪುಟ ಬರೆದು ತರಲು ಹೇಳಿದ್ದಾರೆ. ತಾತನಿಗೆ ಪಾರ್ಶ್ವವಾಯು ಆದಾಗಿನ ಅನುಭವ ಬರೆಯಬೇಕು ಅಂದುಕೊಂಡಿದ್ದೇನೆ. ಹೇಗೆ ಬರೆಯಲಿ?

ಉತ್ತರ: ನಾನು ಇಂಥ ಪುಟಗಳನ್ನು ರಾಶಿ ರಾಶಿ ಓದಿದ್ದೇನೆ. "ಚಿಕ್ಕಂದಿನಿಂದಲೂ ನನಗೆ ಸೇವೆ ಮಾಡುವ ಆಸೆ" ಅಂತಲೇ ಎಲ್ಲ ಶುರುವಾಗುತ್ತವೆ. ಆ ಸಾಲು ಬಿಟ್ಟುಬಿಡು. ನೇರವಾಗಿ ತಾತನ ಹಾಸಿಗೆಯ ಪಕ್ಕಕ್ಕೆ ಹೋಗು.

ತಾತನಿಗೆ ಯಾವ ಕಡೆ ಕೈ ಕಾಲು ಹೋಗಿತ್ತು? ಅವರನ್ನು ಎಬ್ಬಿಸಿ ಕೂರಿಸುವಾಗ ನರ್ಸ್ ಯಾವ ಕಡೆ ನಿಂತರು? ಮೊದಲ ಸಲ ನೀರು ಕೊಡುವ ಮೊದಲು ಏನು ಪರೀಕ್ಷೆ ಮಾಡಿದರು? ಪಾರ್ಶ್ವವಾಯು ಆದವರಿಗೆ ನುಂಗುವ ಶಕ್ತಿ ಹೋಗಿರಬಹುದು. ಕುಡಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ನುಂಗಲು ಬರುತ್ತದಾ ಅಂತ ನೋಡುವವರೆಗೂ ಬಾಯಿಗೆ ಏನೂ ಕೊಡುವುದಿಲ್ಲ. ಬಾಯಾರಿದ ತಾತನಿಗೆ ನೀರು ಕೊಡಲಿಲ್ಲ ಅಂತ ಅವತ್ತು ನಿನಗೆ ಸಿಟ್ಟು ಬಂದಿದ್ದರೆ ಅದನ್ನೂ ಬರೆ. ಆಮೇಲೆ ಕಾರಣ ತಿಳಿದದ್ದನ್ನೂ ಬರೆ. ಹಾಗೆ ಬರೆದವರನ್ನು ನಾನು ಸಂದರ್ಶನದಲ್ಲಿ ಜಾಸ್ತಿ ಮಾತಾಡಿಸಿದ್ದೇನೆ.

ನಿನಗೆ ಕಷ್ಟವಾದದ್ದು ಏನು ಅನ್ನುವುದಕ್ಕೂ ಎರಡು ಸಾಲು ಇಡು. ತಾತನನ್ನು ಶುಚಿ ಮಾಡುವಾಗ ಅಸಹ್ಯ ಆಗಿದ್ದರೆ, ಮುಖ ತಿರುಗಿಸಿದ್ದರೆ, ಅದನ್ನೂ ಬರೆ. ಮುಚ್ಚಿಡಬೇಡ. ಓದುವವರೆಲ್ಲ ಒಂದು ದಿನ ಹಾಗೆ ಮುಖ ತಿರುಗಿಸಿದವರೇ. ಡಾಕ್ಟರರು, ಔಷಧಗಳ ದೊಡ್ಡ ಹೆಸರು ಬೇಡ. ಕೇಳಿದರೆ ವಿವರಿಸಲು ಬರದ ಪದ ಒಂದನ್ನೂ ಹಾಕಬೇಡ. ಒಂದು ಪುಟ ಅಂದರೆ ಒಂದೇ ಪುಟ.

ಕೈಯಲ್ಲೇ ಬರೆದು ಒಂದು ಪ್ರತಿ ನನಗೂ ಕಳಿಸು. ಸಂದರ್ಶನಕ್ಕೆ ಹತ್ತು ದಿನ ಮೊದಲಾದರೂ ನನ್ನ ಕೈಗೆ ಬರಲಿ. ಪೆನ್ಸಿಲ್‌ನಲ್ಲಿ ಗುರುತು ಮಾಡಿ ವಾಪಸ್ ಕಳಿಸುತ್ತೇನೆ.